ಉಬುಂಟು ಅಪ್‌ಡೇಟ್ ಬಂದ್ ಮಾಡಬೇಡಿ, ಅದರ ಹೊತ್ತು ಬದಲಿಸಿ

ಬೆಳಗ್ಗೆ ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಉಬುಂಟು (ವಿಂಡೋಸ್ ಥರದ, ಲಿನಕ್ಸ್ ಬಳಗದ ಆಪರೇಟಿಂಗ್ ಸಿಸ್ಟಮ್) ತಾನಾಗಿಯೇ ಅಪ್‌ಡೇಟ್ ಶುರು ಮಾಡುತ್ತದೆ, ಹಾಟ್‌ಸ್ಪಾಟ್ ಡೇಟಾ ಖಾಲಿಯಾಗುತ್ತದೆ, ದಿನಾ ಆ ಪ್ರೋಸೆಸ್ ಕಿಲ್ ಮಾಡಿ (ಬಲವಂತವಾಗಿ ನಿಲ್ಲಿಸಿ) ಸಾಕಾಗಿದೆ, ಪೂರ್ತಿ ಬಂದ್ ಮಾಡೋದು ಹೇಗೆ ಅಂತ ಕೇಳಿದ್ದೀರಿ. ಬಂದ್ ಮಾಡುವ ಮಾತು ಆಮೇಲೆ. ಮೊದಲು ಆ ಕಿಲ್ ಮಾಡೋದನ್ನ ನಿಲ್ಲಿಸಿ, ದಯವಿಟ್ಟು.

ನಾನೂ ಅದನ್ನೇ ಮಾಡುತ್ತಿದ್ದೆ. ಶಿರಸಿ ಹತ್ತಿರದ ಹಳ್ಳಿಯಲ್ಲಿ ಕೂತು ಅನುವಾದದ ಕೆಲಸ ಮಾಡುತ್ತಿದ್ದ ಕಾಲ. ಮನೆಗೆ ಫೈಬರ್ ಬಂದಿರಲಿಲ್ಲ, ಇದ್ದದ್ದು ಮೊಬೈಲಿನ ದಿನಕ್ಕೆ 1.5 ಜಿಬಿ ಡೇಟಾ, ಅದೂ ಮಹಡಿಯ ಕಿಟಕಿ ಪಕ್ಕ ಫೋನ್ ಇಟ್ಟರೆ ಮಾತ್ರ. ಅವತ್ತು ಹತ್ತು ಗಂಟೆಗೆ ವಿಡಿಯೋ ಕಾಲ್ ಇತ್ತು. ಲ್ಯಾಪ್‌ಟಾಪ್ ತೆರೆದರೆ ಮೌಸೇ ಅಲ್ಲಾಡುತ್ತಿಲ್ಲ. ಏನೇನು ಓಡುತ್ತಿದೆ ಅಂತ ತೋರಿಸುವ 'ಟಾಪ್' ಕಮಾಂಡ್ ಹಾಕಿ ನೋಡಿದೆ. ಮೇಲುಗಡೆ 'ಅನ್‌ಅಟೆಂಡೆಡ್-ಅಪ್‌ಗ್ರ್' ಅಂತ ಅರ್ಧಕ್ಕೇ ನಿಂತ ಹೆಸರು. (ಲಿನಕ್ಸ್ ಅಲ್ಲಿ ಹೆಸರಿನ ಮೊದಲ 15 ಅಕ್ಷರ ಮಾತ್ರ ತೋರಿಸುತ್ತದೆ, ಅದು ವೈರಸ್ ಅಲ್ಲ, ಆಟೋ ಅಪ್‌ಡೇಟ್ ಮಾಡುವ ಪ್ರೋಗ್ರಾಮ್.) ಅದನ್ನು ಕಿಲ್ ಮಾಡಿದೆ. ಅದರ ಕೆಳಗೆ ಓಡುತ್ತಿದ್ದ, ಪ್ಯಾಕೇಜ್‌ಗಳನ್ನು ಇನ್‌ಸ್ಟಾಲ್ ಮಾಡುವ ಡಿಪಿಕೆಜಿಯನ್ನೂ ಕಿಲ್ ಮಾಡಿದೆ. ಆಮೇಲೂ ನಿಧಾನವಾಗಿಯೇ ಇತ್ತು, ಹಾಗಾಗಿ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದೆ.

ಮತ್ತೆ ಆನ್ ಮಾಡಿದಾಗ ಕಪ್ಪು ಪರದೆ, ಕೊನೇ ಸಾಲುಗಳಲ್ಲಿ 'ಕರ್ನಲ್ ಪ್ಯಾನಿಕ್', 'ಅನೇಬಲ್ ಟು ಮೌಂಟ್ ರೂಟ್ ಎಫ್ಎಸ್'.

ಇಲ್ಲಿ ಏನಾಗಿತ್ತು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ದಿನಾ ಇದೇ ಅಂಚಿನಲ್ಲಿ ನಿಂತಿದ್ದೀರಿ. ಡಿಪಿಕೆಜಿ ಕೆಲಸ ಮಾಡೋದು ಎರಡು ಹಂತದಲ್ಲಿ. ಮೊದಲು ಪ್ಯಾಕೇಜ್ ಬಿಚ್ಚಿ ಫೈಲುಗಳನ್ನು ಡಿಸ್ಕಿಗೆ ಹಾಕುತ್ತದೆ, ಆಮೇಲೆ ಅದನ್ನು ಕಾನ್ಫಿಗರ್ ಮಾಡುತ್ತದೆ. ಬ್ರೌಸರೋ ಫಾಂಟೋ ನಡುವೆ ನಿಂತರೆ ದೊಡ್ಡ ವಿಷಯ ಅಲ್ಲ. ಆದರೆ ಅವತ್ತು ಬಂದಿದ್ದು ಕರ್ನಲ್, ಅಂದರೆ ಇಡೀ ಸಿಸ್ಟಮ್‌ನ ತಿರುಳು. ಕರ್ನಲ್‌ನ ಎರಡನೇ ಹಂತದಲ್ಲಿ ಇನಿಟ್‌ರಾಮ್‌ಎಫ್ಎಸ್ ಅನ್ನೋ ಫೈಲ್ ತಯಾರಾಗುತ್ತದೆ. ಬೂಟ್ ಆಗುವಾಗ ಡಿಸ್ಕನ್ನು ಹುಡುಕಿ ತೆರೆಯಲು ಬೇಕಾದ ಡ್ರೈವರುಗಳು ಅದರೊಳಗೆ ಇರುತ್ತವೆ. ನನ್ನ ಸಿಸ್ಟಮ್‌ನಲ್ಲಿ ಹೊಸ ಕರ್ನಲ್ ಬಂದಿತ್ತು, ಬೂಟ್ ಆಗುವಾಗ ಯಾವ ಕರ್ನಲ್ ಅಂತ ಆರಿಸುವ ಗ್ರಬ್ ಮೆನುವಿಗೂ ಸೇರಿತ್ತು, ಆ ಫೈಲ್ ಮಾತ್ರ ಪೂರ್ತಿಯಾಗಿರಲಿಲ್ಲ. ಕರ್ನಲ್ ಎದ್ದಿತು, ಡಿಸ್ಕ್ ಸಿಗಲಿಲ್ಲ, ಅಲ್ಲಿಗೇ ನಿಂತಿತು. ಡಿಸ್ಕ್‌ನಲ್ಲಿದ್ದ ನನ್ನ ಕೆಲಸಕ್ಕೆ ಏನೂ ಆಗಿರಲಿಲ್ಲ!

ಇದು ನನಗೆ ಆಗ ಗೊತ್ತಿರಲಿಲ್ಲ. ಪೇಟೆಗೆ ಒಯ್ದೆ, ಅಂಗಡಿಯಲ್ಲಿ "ಫಾರ್ಮ್ಯಾಟ್ ಮಾಡಬೇಕು" ಅಂದರು, ಸರಿ ಅಂದೆ. ಅರ್ಧ ಅನುವಾದವಾಗಿದ್ದ ಒಂದು ಇಡೀ ಪುಸ್ತಕ ಹೋಯಿತು. ಬೇಕಾಗಿದ್ದದ್ದು ಇಷ್ಟೇ: ಬೂಟ್ ಆಗುವಾಗ ಗ್ರಬ್ ಮೆನು ತೆರೆದು 'ಅಡ್ವಾನ್ಸ್ಡ್ ಆಪ್ಷನ್ಸ್'ಗೆ ಹೋಗಿ ಹಳೇ ಕರ್ನಲ್ ಆರಿಸೋದು. ಉಬುಂಟು ಹಳೇ ಕರ್ನಲ್ಲನ್ನು ಇದಕ್ಕೇ ಅಂತ ಉಳಿಸಿರುತ್ತದೆ. ಒಳಗೆ ಬಂದ ಮೇಲೆ ಅರ್ಧಕ್ಕೆ ನಿಂತ ಕಾನ್ಫಿಗರ್ ಮುಗಿಸಿದರೆ ಆಯಿತು.

ಈಗ ನಿಮ್ಮ ಪ್ರಶ್ನೆಗೆ. ಪೂರ್ತಿ ಬಂದ್ ಮಾಡಬೇಕು ಅನ್ನೋದನ್ನ ನಾನು ಒಪ್ಪಲ್ಲ. ಉಬುಂಟು ತಾನಾಗಿ ಹಾಕಿಕೊಳ್ಳೋದು ಮುಖ್ಯವಾಗಿ ಸೆಕ್ಯುರಿಟಿ ಅಪ್‌ಡೇಟ್‌ಗಳನ್ನೇ. 2022ರ ಜನವರಿಯಲ್ಲಿ, ಯಾರಿಗೆ ಯಾವ ಅನುಮತಿ ಅಂತ ನೋಡಿಕೊಳ್ಳುವ ಪಾಲ್ಕಿಟ್‌ನಲ್ಲಿ ಒಂದು ದೋಷ ಹೊರಬಿತ್ತು, 2009ರಿಂದಲೂ ಒಳಗೆ ಕೂತಿದ್ದ ದೋಷ. ಸಿಸ್ಟಮ್‌ನಲ್ಲಿ ಸಾಮಾನ್ಯ ಅಕೌಂಟ್ ಇದ್ದವರು ಯಾರು ಬೇಕಾದರೂ ಪಾಸ್‌ವರ್ಡ್ ಇಲ್ಲದೆ ರೂಟ್ (ಸಿಸ್ಟಮ್ ಮೇಲೆ ಪೂರ್ತಿ ಅಧಿಕಾರ ಇರುವ ಅಕೌಂಟ್) ಆಗಬಹುದಿತ್ತು. ಅದರ ತಿದ್ದುಪಡಿ ಜನರಿಗೆ ತಲುಪಿದ್ದು ನೀವು ಬೈಯುತ್ತಿರುವ ಇದೇ ದಾರಿಯಲ್ಲಿ. ಬಂದ್ ಮಾಡಿದರೆ ಆಮೇಲೆ ಕೈಯಾರೆ ಮಾಡ್ತೀನಿ ಅಂತ ಎಲ್ಲರೂ ಹೇಳುತ್ತಾರೆ, ಯಾರೂ ಮಾಡಲ್ಲ.

ನಿಮ್ಮ ನಿಜವಾದ ತೊಂದರೆ ಅಪ್‌ಡೇಟ್ ಅಲ್ಲ, ಹೊತ್ತು ಮತ್ತು ಡೇಟಾ. ಬೆಳಗ್ಗೆಯೇ ಯಾಕೆ ಶುರುವಾಗುತ್ತದೆ ಗೊತ್ತಾ? ಇನ್‌ಸ್ಟಾಲ್ ಮಾಡುವ ಟೈಮರ್ ಇರೋದು ಬೆಳಗ್ಗೆ 6 ಗಂಟೆಗೆ. ಆಗ ಲ್ಯಾಪ್‌ಟಾಪ್ ಆಫ್ ಇರುತ್ತದೆ. ತಪ್ಪಿದ ಕೆಲಸವನ್ನು ಆನ್ ಆದ ಮೇಲೆ ಮಾಡು ಅಂತ ಆ ಟೈಮರ್‌ಗೆ 'ಪರ್ಸಿಸ್ಟೆಂಟ್' ಹಾಕಿಟ್ಟಿದ್ದಾರೆ. ದಿನವಿಡೀ ಓಡುವ ಸರ್ವರ್‌ಗೆ ಈ 6 ಗಂಟೆ ಚೆನ್ನ, ನಮ್ಮಂಥವರಿಗೆ ಕಾಟ.

ಹಾಗಾಗಿ ಮೊದಲು ವೈ-ಫೈ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹಾಟ್‌ಸ್ಪಾಟ್ ಪಕ್ಕದ ಚಕ್ರ ಒತ್ತಿ, ಅದನ್ನು 'ಮೀಟರ್ಡ್' (ಡೇಟಾಗೆ ಮಿತಿ ಇರುವ ನೆಟ್) ಅಂತ ಟಿಕ್ ಮಾಡಿ. ಮೀಟರ್ಡ್ ನೆಟ್‌ವರ್ಕ್‌ನಲ್ಲಿ ಆಟೋ ಅಪ್‌ಡೇಟ್ ತಾನೇ ಸುಮ್ಮನಿರುತ್ತದೆ. ಪ್ಯಾಕೇಜ್‌ಗಳ ಪಟ್ಟಿ ಇಳಿಸುವ ಸಣ್ಣ ಖರ್ಚು ಮಾತ್ರ ಉಳಿಯಬಹುದು. ಕೆಲವು ಆ್ಯಪ್‌ಗಳನ್ನು ತರುವ ಸ್ನ್ಯಾಪ್ ಬೇರೆಯದೇ ವ್ಯವಸ್ಥೆ. ಅದು ಅಪ್‌ಡೇಟ್ ಇದೆಯಾ ಅಂತ ದಿನಕ್ಕೆ 4 ಸಲ ನೋಡುತ್ತದೆ, ಫೈರ್‌ಫಾಕ್ಸ್ ಈಗ ಬರೋದೂ ಅದರಲ್ಲೇ. ಅದಕ್ಕೆ ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) 'ಸುಡೋ ಸ್ನ್ಯಾಪ್ ಸೆಟ್ ಸಿಸ್ಟಮ್ ರಿಫ್ರೆಶ್.ಮೀಟರ್ಡ್=ಹೋಲ್ಡ್' ಕೊಡಿ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ. ಎಷ್ಟೋ ಜನ ಏಪಿಟಿ (ಮೇಲೆ ಹೇಳಿದ ಮಾಮೂಲಿ ಅಪ್‌ಡೇಟ್ ವ್ಯವಸ್ಥೆ) ಕಡೆ ಮಾತ್ರ ಸರಿಮಾಡಿ, ಡೇಟಾ ಇನ್ನೂ ಹೋಗ್ತಿದೆಯಲ್ಲ ಅಂತ ತಲೆ ಕೆಡಿಸಿಕೊಳ್ಳೋದು ಇದರಿಂದಲೇ.

ಹೊತ್ತು ಬದಲಿಸೋಕೆ 'ಸುಡೋ ಸಿಸ್ಟಮ್‌ಸಿಟಿಎಲ್ ಎಡಿಟ್'ನಿಂದ 'ಏಪಿಟಿ-ಡೈಲಿ-ಅಪ್‌ಗ್ರೇಡ್.ಟೈಮರ್' ತೆರೆಯಿರಿ. '[ಟೈಮರ್]' ಅನ್ನೋ ಸಾಲಿನ ಕೆಳಗೆ 'ಆನ್‌ಕ್ಯಾಲೆಂಡರ್=' ಅಂತ ಒಂದು ಖಾಲಿ ಸಾಲು ಹಾಕಿ, ಅದರ ಕೆಳಗೆ ಇನ್ನೊಂದು 'ಆನ್‌ಕ್ಯಾಲೆಂಡರ್=' ಮುಂದೆ ನಿಮ್ಮ ಹೊತ್ತು ಬರೆಯಿರಿ. ಆ ಖಾಲಿ ಸಾಲು ಹಾಕದಿದ್ದರೆ ಹಳೇ 6 ಗಂಟೆಯೂ ಉಳಿದುಕೊಳ್ಳುತ್ತದೆ. ಪರ್ಸಿಸ್ಟೆಂಟ್‌ಗೆ 'ಫಾಲ್ಸ್' ಕೊಡಿ. ಡೌನ್‌ಲೋಡ್ ಮಾಡೋದು 'ಏಪಿಟಿ-ಡೈಲಿ.ಟೈಮರ್', ಅದಕ್ಕೂ ಇದೇ ಬದಲಾವಣೆ ಬೇಕು, ಹೊತ್ತು ಸ್ವಲ್ಪ ಮುಂಚೆ ಇರಲಿ. ನಾನು ರಾತ್ರಿ ಊಟದ ಹೊತ್ತಿಗೆ ಇಟ್ಟುಕೊಂಡಿದ್ದೇನೆ. ಆಗ ಲ್ಯಾಪ್‌ಟಾಪ್ ಚಾರ್ಜ್‌ಗೆ ಹಾಕಿರುತ್ತೇನೆ, ದಿನದ ಕೆಲಸವೂ ಮುಗಿದಿರುತ್ತದೆ. ಹಾಟ್‌ಸ್ಪಾಟ್ ಬಿಟ್ಟು ಬೇರೆ ನೆಟ್ ಇಲ್ಲ ಅಂದರೆ ವಾರಕ್ಕೊಮ್ಮೆ, ಡೇಟಾ ಉಳಿದಿರುವ ರಾತ್ರಿ, ಕೈಯಾರೆ ಹಾಕಲೇಬೇಕು. ಮೀಟರ್ಡ್ ಟಿಕ್ ಮಾಡಿದ ಮೇಲೆ ಇದನ್ನ ಮರೆಯೋ ಹಾಗಿಲ್ಲ.

ಇನ್ನೊಂದು, ಇದು ತುರ್ತು. ನೀವು ಈಗಾಗಲೇ ದಿನಾ ಕಿಲ್ ಮಾಡಿದ್ದೀರಿ, ಏನು ಅರ್ಧಕ್ಕೆ ನಿಂತಿದೆಯೋ ಗೊತ್ತಿಲ್ಲ. ಲ್ಯಾಪ್‌ಟಾಪ್ ಈಗ ಆನ್ ಇದ್ದರೆ ಆಫ್ ಮಾಡುವ ಮುಂಚೆ 'ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ' ಓಡಿಸಿ. ಏನೂ ಹೇಳದೆ ಮುಗಿದರೆ ಸರಿ ಇದೆ. ಸಾಲುಗಳು ಓಡತೊಡಗಿದರೆ ಚಾರ್ಜರ್ ಹಾಕಿ ಮುಗಿಯೋವರೆಗೂ ಬಿಡಿ, ಎಷ್ಟು ಹೊತ್ತಾದರೂ. ಎರರ್ ಬಂದರೆ ರೀಸ್ಟಾರ್ಟ್ ಮಾಡದೆ ಆ ಎರರ್ ಇಲ್ಲಿ ಹಾಕಿ, ನೋಡ್ತೀನಿ.