ದೇವರಕಾಡಿನ ಕುರಿತ ಲೇಖನಗಳನ್ನು ಹುಡುಕುವ ಬಗೆ

ಪ್ರಶ್ನೆ: ಕೊಡಗಿನ ದೇವರಕಾಡುಗಳ ಕುರಿತು ಎಂ.ಎ. ಕಿರುಪ್ರಬಂಧ ಬರೆಯುತ್ತಿದ್ದೇನೆ. ಗ್ರಂಥಾಲಯದ ಡೇಟಾಬೇಸ್‌ನಲ್ಲಿ ಪೂರ್ಣ ವಾಕ್ಯವನ್ನೇ ಟೈಪ್ ಮಾಡಿದರೂ ಉಪಯುಕ್ತ ಲೇಖನಗಳು ದೊರೆಯುತ್ತಿಲ್ಲ. ಏನು ಮಾಡಲಿ?
– ವಿದ್ಯಾರ್ಥಿನಿ, ಮಡಿಕೇರಿ

ಉತ್ತರ: ಇಂತಹ ಡೇಟಾಬೇಸ್‌ಗಳು ಹೆಚ್ಚಾಗಿ ಲೇಖನದ ಶೀರ್ಷಿಕೆ, ಸಾರಾಂಶ ಮತ್ತು ವಿಷಯಸೂಚಕ ಪದಗಳಲ್ಲಿ ನೀವು ಕೊಟ್ಟ ಪದಗಳು ಇವೆಯೇ ಎಂದು ಹೋಲಿಸಿ ನೋಡುತ್ತವೆಯಾದ್ದರಿಂದ, ವಾಕ್ಯವನ್ನು ಬಿಟ್ಟು ಎರಡು ಮೂರು ಮುಖ್ಯ ಪದಗಳನ್ನಷ್ಟೇ ಆರಿಸಿಕೊಳ್ಳಿ. ನಿಮ್ಮ ವಿಷಯದಲ್ಲಿ ನಿಜವಾದ ತೊಡಕು ಹೆಸರಿನದು. ಇಂಗ್ಲಿಷ್ ಲೇಖನಗಳಲ್ಲಿ ನಮ್ಮ ಜಿಲ್ಲೆ ಒಮ್ಮೆ ‘ಕೊಡಗು’, ಇನ್ನೊಮ್ಮೆ ‘ಕೂರ್ಗ್’. ದೇವರಕಾಡು ಬಹುಮಟ್ಟಿಗೆ ‘ಸೇಕ್ರೆಡ್ ಗ್ರೋವ್’. ಒಂದೇ ಅರ್ಥದ ಪದಗಳ ನಡುವೆ ‘ಆರ್’ (OR) ಎಂಬ ಇಂಗ್ಲಿಷ್ ಪದವನ್ನು ಹಾಕಿ ಆವರಣದೊಳಗಿಟ್ಟು, ಅಂತಹ ಎರಡು ಗುಂಪುಗಳನ್ನು ‘ಆಂಡ್’ (AND) ಪದದಿಂದ ಜೋಡಿಸಿ, ‘ಸೇಕ್ರೆಡ್ ಗ್ರೋವ್’ನಂತಹ ಜೋಡಿಪದಗಳಿಗೆ ಉದ್ಧರಣ ಚಿಹ್ನೆ ಇರಲಿ. ಒಂದು ಒಳ್ಳೆಯ ಲೇಖನ ಸಿಕ್ಕಿತೆಂದರೆ ಅದರ ಕೊನೆಯ ಆಕರಪಟ್ಟಿಯನ್ನು ದಯವಿಟ್ಟು ಓದದೆ ಬಿಡಬೇಡಿ; ಹತ್ತು ಹುಡುಕಾಟಗಳಲ್ಲಿ ಸಿಗದ್ದು ಅಲ್ಲಿ ಸಿಗುವುದುಂಟು. ಪಿಎಚ್.ಡಿ. ಪ್ರಬಂಧಗಳಿಗೆ ‘ಶೋಧಗಂಗಾ’ ಎಂಬ ಆನ್‌ಲೈನ್ ಸಂಗ್ರಹ ಉಚಿತವಾಗಿದೆ. 2025ರ ಜನವರಿ 1ರಂದು ಆರಂಭವಾದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯಡಿ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ನಿಯತಕಾಲಿಕೆಗಳು ದೊರೆಯುವುದರಿಂದ, ಹಣ ಕೊಟ್ಟು ಯಾವ ಲೇಖನವನ್ನೂ ಕೊಳ್ಳುವ ಮೊದಲು ನಿಮ್ಮ ಗ್ರಂಥಪಾಲಕರನ್ನು ವಿಚಾರಿಸಿ.