ಸಂಶೋಧನೆಗೆ ಕೊಟ್ಟ ಸರ್ಕಾರಿ ಹಣಕ್ಕೆ ಲೆಕ್ಕ ಕೇಳುವವರು ಯಾರು? ಫಲ ಬಾರದಿದ್ದರೆ ಹಣವನ್ನು ಹಿಂದಕ್ಕೆ ಪಡೆಯಬಾರದೇ?

ನೀವು ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದ್ದೀರಿ. ಅವುಗಳ ಉತ್ತರ ಬೇರೆ ಬೇರೆ. ನಾನು ಕೋಲಾರ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ನಮ್ಮ ಭಾಗದ ಕೊಳವೆಬಾವಿಗಳ ನೀರಿನಲ್ಲಿರುವ ಫ್ಲೋರೈಡ್ ಕುರಿತು ಸರ್ಕಾರದ ಧನಸಹಾಯದಲ್ಲಿ ಒಂದು ಸಣ್ಣ ಯೋಜನೆಯನ್ನೂ ನಡೆಸಿದ್ದೇನೆ. ನನಗೆ ಕಂಡಂತೆ ನಮ್ಮಲ್ಲಿ ಹಣದ ಮೇಲೆ ನಿಗಾ ಸಾಕಷ್ಟಿದೆ, ಆ ಹಣದಿಂದ ನಡೆದ ಕೆಲಸದ ಮೇಲೆ ತೀರಾ ಕಡಿಮೆ.

ಕೇಂದ್ರದ ಅನುದಾನವಾದರೆ 2017ರ ಸಾಮಾನ್ಯ ಹಣಕಾಸು ನಿಯಮಗಳು ಅನ್ವಯಿಸುತ್ತವೆ. ಹಣಕಾಸು ವರ್ಷ ಮುಗಿದ 12 ತಿಂಗಳೊಳಗೆ ಯುಟಿಲೈಸೇಶನ್ ಸರ್ಟಿಫಿಕೇಟ್, ಅಂದರೆ ಹಣ ಬಳಕೆಯ ಪ್ರಮಾಣಪತ್ರ ಸಲ್ಲಿಸಬೇಕು. ಅನುದಾನದ ಮೇಲೆ ಬ್ಯಾಂಕಿನಲ್ಲಿ ಬಡ್ಡಿ ಬಂದಿದ್ದರೆ ಅದನ್ನೂ ಸರ್ಕಾರಕ್ಕೆ ಮರಳಿಸಬೇಕು. ಅದರ ಮೇಲೆ ಸಿಎಜಿ, ಅಂದರೆ ಮಹಾಲೆಕ್ಕಪರಿಶೋಧಕರ ತಪಾಸಣೆ ಇದೆ. ಅವರ ವರದಿ ಸಂಸತ್ತಿನ ಮುಂದೆ ಬಂದು, ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಪರಿಶೀಲನೆಗೆ ಹೋಗುತ್ತದೆ. ಇಲಾಖೆಗಳ ಅನುದಾನ ಬೇಡಿಕೆಗಳನ್ನು ವಿಜ್ಞಾನ ಮತ್ತು ತಂತ್ರಜ್ಞಾನದ ಸಂಸದೀಯ ಸ್ಥಾಯಿ ಸಮಿತಿ ಬೇರೆಯಾಗಿ ನೋಡುತ್ತದೆ. ಆದ್ದರಿಂದ ಕೇಳುವವರೇ ಇಲ್ಲ ಎಂಬ ಮಾತು ಸರಿಯಲ್ಲ.

ಆದರೆ ಇವರೆಲ್ಲ ಮುಖ್ಯವಾಗಿ ಕೇಳುವುದು ರಸೀದಿಯನ್ನು. ನಮ್ಮ ಯೋಜನೆಯಲ್ಲಿ ಮಳೆಗಾಲಕ್ಕೆ ಮೊದಲು ಒಮ್ಮೆ, ಆಮೇಲೆ ಇನ್ನೊಮ್ಮೆ ಅದೇ ಬಾವಿಗಳ ನೀರನ್ನು ಪರೀಕ್ಷಿಸಿ, ಲೀಟರಿಗೆ 1.5 ಮಿಲಿಗ್ರಾಂ ಎಂಬ ಗರಿಷ್ಠ ಮಿತಿಯನ್ನು ಯಾವುದು ಯಾವಾಗ ದಾಟುತ್ತದೆ ಎಂದು ನೋಡಬೇಕಿತ್ತು. ಲೆಕ್ಕಪತ್ರ ಸಮಯಕ್ಕೆ ಸರಿಯಾಗಿ ಹೋಗಿದ್ದರೂ ಎರಡನೇ ಕಂತು ಬರುವ ಹೊತ್ತಿಗೆ ಬೇಸಿಗೆ ಕಳೆದಿತ್ತು, ಹೋಲಿಸಬೇಕಾದ ಮಾದರಿಗಳೇ ಇಲ್ಲವಾದವು. ಖರ್ಚಿನ ಪಟ್ಟಿಯಲ್ಲಿ ಒಂದು ರೂಪಾಯಿಯೂ ತಪ್ಪಿರಲಿಲ್ಲ. ಒಂದು ವರ್ಷದ ಅಧ್ಯಯನ ಮಾತ್ರ ಹಾಳಾಯಿತು, ಮತ್ತು ಅದನ್ನು ಯಾವ ತಪಾಸಣೆಯೂ ನಷ್ಟವೆಂದು ದಾಖಲಿಸಲಿಲ್ಲ. 2025ರ ಜೂನ್‌ನಲ್ಲಿ ಕೇಂದ್ರವು ವೈಜ್ಞಾನಿಕ ಇಲಾಖೆಗಳ ಸಂಸ್ಥೆಗಳಿಗೆ ಕೊಟೇಶನ್ ಇಲ್ಲದೆ ಕೊಳ್ಳುವ ಮಿತಿಯನ್ನು 1 ಲಕ್ಷದಿಂದ 2 ಲಕ್ಷ ರೂಪಾಯಿಗೆ ಏರಿಸಿದ್ದು ಒಳ್ಳೆಯದೇ ಆಯಿತು, ಆದರೆ ಕಂತಿನ ವಿಳಂಬ ಅದರಿಂದ ನೀಗುವುದಿಲ್ಲ.

ಇನ್ನು ಫಲ ಬಾರದ ಹಣದ ಪ್ರಶ್ನೆ. ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಉತ್ತರವಿದೆ. ಕೋಲಾರ ಚಿನ್ನದ ಗಣಿಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನೆಲದಾಳಕ್ಕೆ ಇಳಿದಂತೆ ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಆನ್ ಎಂಬ ಸೂಕ್ಷ್ಮ ಕಣಗಳು ಎಷ್ಟು ಕಡಿಮೆಯಾಗುತ್ತವೆ ಎಂದು ಅಳೆಯುತ್ತಿದ್ದರು. 1960ರ ದಶಕದ ಆರಂಭದಲ್ಲಿ, ಅತ್ಯಂತ ಆಳದಲ್ಲಿಟ್ಟ ಉಪಕರಣ ಸುಮಾರು ಎರಡು ತಿಂಗಳು ಒಂದೇ ಒಂದು ಕಣವನ್ನೂ ಎಣಿಸಲಿಲ್ಲ. ಬರಿಯ ರಸೀದಿ ನೋಡುವವರು ಅಂದು ಆ ಪ್ರಯೋಗವನ್ನು ನಿಲ್ಲಿಸಿ ಹಣ ವಾಪಸು ಕೇಳಬಹುದಿತ್ತು. ವಿಜ್ಞಾನಿಗಳು ಮಾತ್ರ ಆ ಸೊನ್ನೆಯ ಅರ್ಥವನ್ನು ಹಿಡಿದರು: ಬೇರೆ ಕಣಗಳ ಗದ್ದಲವೇ ಇಲ್ಲದ ಇಂತಹ ಜಾಗದಲ್ಲಿ ಮಾತ್ರ ಬಹುಪಾಲು ಯಾವುದಕ್ಕೂ ತಾಗದೆ ಹಾದುಹೋಗುವ ನ್ಯೂಟ್ರಿನೊದಂತಹ ಕಣದ ಅಪರೂಪದ ಸುಳಿವು ಸಿಗಬಲ್ಲದು. ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ಜೊತೆಗೂಡಿ, 2 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಹೊಸ ಉಪಕರಣ ಹೂಡಿ, 1965ರಲ್ಲಿ ವಾಯುಮಂಡಲದ ನ್ಯೂಟ್ರಿನೊಗಳನ್ನು ಅವರು ಗುರುತಿಸಿದರು. ಜಗತ್ತಿನಲ್ಲಿ ಅದನ್ನು ಮೊದಲು ಸಾಧಿಸಿದ ಎರಡು ತಂಡಗಳಲ್ಲಿ ಇದು ಒಂದು. ಇನ್ನೊಂದು ದಕ್ಷಿಣ ಆಫ್ರಿಕಾದ ಗಣಿಯಲ್ಲಿತ್ತು. 1980ರ ದಶಕದಲ್ಲಿ ಅದೇ ಗಣಿಯಲ್ಲಿ ಪ್ರೋಟಾನ್ ಕ್ಷಯವನ್ನು, ಅಂದರೆ ಪರಮಾಣುವಿನೊಳಗಿನ ಪ್ರೋಟಾನ್ ಕಣ ತಾನಾಗಿ ಒಡೆಯುವುದನ್ನು, ಹುಡುಕಿದರು. ಕಂಡಂತೆ ತೋರಿದ ಕೆಲವು ಘಟನೆಗಳನ್ನು ಮುಂದೆ ಬೇರೆಡೆಯ ದೊಡ್ಡ ಪ್ರಯೋಗಗಳು ಸಮರ್ಥಿಸಲಿಲ್ಲ. ಆ ಹಣವೂ ವ್ಯರ್ಥವಾಯಿತೆಂದು ನಾನು ಒಪ್ಪುವುದಿಲ್ಲ, ಏಕೆಂದರೆ ಎಲ್ಲಿ ಹೇಗೆ ಹುಡುಕಿದೆವು, ಏನು ಕಂಡಿತು ಎಂಬುದನ್ನು ಬೇರೆಯವರು ಪರೀಕ್ಷಿಸಿ ತಿದ್ದಬಹುದಾದ ರೀತಿಯಲ್ಲಿ ಅವರು ಪ್ರಕಟಿಸಿದ್ದರು.

ಹಾಗಾಗಿ ಹಿಂದಕ್ಕೆ ಪಡೆಯಬೇಕಾದದ್ದು ದುರ್ಬಳಕೆಯಾದ ಹಣವನ್ನು, ಸುಳ್ಳು ದತ್ತಾಂಶಕ್ಕೆ ಸುರಿದ ಹಣವನ್ನು. ಪ್ರಾಮಾಣಿಕವಾಗಿ ನಡೆದು ನಿರೀಕ್ಷಿಸಿದ ಫಲ ಕೊಡದ ಕೆಲಸಕ್ಕೂ ದಂಡ ಹಾಕಿದರೆ, ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗಳನ್ನಷ್ಟೇ ಎಲ್ಲರೂ ಕೈಗೆತ್ತಿಕೊಳ್ಳುತ್ತಾರೆ.

ಈ ವ್ಯತ್ಯಾಸ ಈಗ ಇನ್ನೂ ಮುಖ್ಯವಾಗಿದೆ. 2023ರ ಕಾಯ್ದೆಯಿಂದ ಹುಟ್ಟಿದ, ಸಂಶೋಧನೆಗೆ ಹಣ ಒದಗಿಸುವ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಪ್ರಧಾನಮಂತ್ರಿಯವರೇ ಪದನಿಮಿತ್ತ ಅಧ್ಯಕ್ಷರು. ಐದು ವರ್ಷಗಳಿಗೆ ಅಂದಾಜಿಸಿದ 50,000 ಕೋಟಿ ರೂಪಾಯಿಯಲ್ಲಿ ಸುಮಾರು 36,000 ಕೋಟಿ ಸರ್ಕಾರದ ಹೊರಗಿನಿಂದ ಬರಬೇಕೆಂಬ ನಿರೀಕ್ಷೆಯಿದೆ. ಪ್ರತಿಷ್ಠಾನದ ಲೆಕ್ಕವನ್ನು ಸಿಎಜಿ ಪರಿಶೋಧಿಸುತ್ತಾರೆ. 2025ರ ಜುಲೈನಲ್ಲಿ ಸಚಿವ ಸಂಪುಟ ಒಪ್ಪಿದ 1 ಲಕ್ಷ ಕೋಟಿ ರೂಪಾಯಿಯ ಸಂಶೋಧನೆ, ಅಭಿವೃದ್ಧಿ ಮತ್ತು ನಾವೀನ್ಯ ನಿಧಿಯ ಸ್ವರೂಪ ಬೇರೆ. ಅದು ನಡುವಿನ ನಿಧಿ ನಿರ್ವಾಹಕರ ಕೈದಾಟಿ, ಮುಖ್ಯವಾಗಿ ದೀರ್ಘಾವಧಿಯ ಅಗ್ಗದ ಸಾಲವಾಗಿ ಅಥವಾ ಬಂಡವಾಳವಾಗಿ, ಖಾಸಗಿ ಕಂಪನಿಗಳನ್ನು ತಲುಪುತ್ತದೆ. ಬರದ ಜಿಲ್ಲೆಯ ಕಾಲೇಜು ಬಡ್ಡಿಯ ಪುಡಿಗಾಸಿಗೂ ಲೆಕ್ಕ ಕೊಡುವಾಗ, ಕೋಟಿಗಟ್ಟಲೆ ಪಡೆಯುವ ಕಂಪನಿಯ ಹೆಸರು, ಮೊತ್ತ, ಷರತ್ತು ಮತ್ತು ತಾಂತ್ರಿಕ ಫಲಿತಾಂಶಗಳು ಸಾರ್ವಜನಿಕವಾಗಿ ಸಿಗಬೇಕೆಂದು ಕೇಳುವುದು ನ್ಯಾಯವೆಂದೇ ನನ್ನ ನಂಬಿಕೆ.

ನೀವೇ ಪರಿಶೀಲಿಸಬೇಕೆಂದಿದ್ದರೆ ದಾರಿಯಿದೆ. ಕೇಂದ್ರ ಸರ್ಕಾರದ ಇಲಾಖೆಗೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಸಲ್ಲಿಸಿದರೆ, ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಬರಬೇಕು. ಖರ್ಚಿನ ವಿವರವನ್ನಷ್ಟೇ ಕೇಳಬೇಡಿ. ಯೋಜನೆಯ ಮಂಜೂರಾತಿ ಆದೇಶ, ಪ್ರತಿ ಕಂತು ಬಿಡುಗಡೆಯಾದ ದಿನಾಂಕ, ಮುಕ್ತಾಯದ ತಾಂತ್ರಿಕ ವರದಿ ಮತ್ತು ಅದರ ಬಗ್ಗೆ ತಜ್ಞರ ಸಮಿತಿ ಬರೆದ ಅಭಿಪ್ರಾಯ, ಈ ನಾಲ್ಕರ ಪ್ರತಿ ಕೇಳಿ. ವಾಣಿಜ್ಯ ರಹಸ್ಯವೆಂದು ನಿರಾಕರಿಸಿದರೆ, ದೊಡ್ಡ ಸಾರ್ವಜನಿಕ ಹಿತವಿದ್ದಲ್ಲಿ ಅಂತಹ ಮಾಹಿತಿಯನ್ನೂ ಕೊಡಬಹುದೆಂದು ಕಾಯ್ದೆಯ 8(1)(ಡಿ) ಕಲಮು ಹೇಳುತ್ತದೆ. ಮೇಲ್ಮನವಿಯಲ್ಲಿ ಅದನ್ನು ಉಲ್ಲೇಖಿಸಿ.