ಮನೆ ಮುಂದೆ ದೃಷ್ಟಿ ಕಾಯುವ ಗಿಡ ಹಚ್ಚುವ ಮುಂಚೆ

ಅಕ್ಕಾರೆ, ನಮಸ್ಕಾರ. ಹುಮನಾಬಾದ್ ಹತ್ತಿರ ಹೊಸ ಮನೆ ಕಟ್ಟಿಸಿದ್ದೀರಿ, ಮುಂದೆ ಒಂದಿಷ್ಟು ಜಾಗ ಬಿಟ್ಟಿದ್ದೀರಿ. ದೃಷ್ಟಿ, ಮಾಟ ತಟ್ಟದಂತೆ ಕಾಯುವ ಗಿಡ ಯಾವುದು ಹಚ್ಚಲಿ ಅಂತ ಕೇಳಿದ್ದೀರಿ. ಒಬ್ಬರು ಬಿಳಿ ಎಕ್ಕದ ಬೇರು, ಕರಿ ಅರಿಶಿನ ತಂದುಕೊಡುತ್ತೇನೆ ಅಂತ ಸಾವಿರಗಟ್ಟಲೆ ಕೇಳುತ್ತಿದ್ದಾರೆ. ಮಗಳು ಫೋನಿನಲ್ಲಿ ವಿಡಿಯೋ ನೋಡಿ ರೋಸ್‌ಮೇರಿ, ಸೇಜ್, ಮಗ್‌ವರ್ಟ್ ಬೇಕು ಅನ್ನುತ್ತಿದ್ದಾಳೆ. ನಿಮ್ಮ ಪ್ರಶ್ನೆಯ ಕೆಳಗೆ ಕೆಲವರು ಇದೆಲ್ಲ ಸುಳ್ಳು ಅಂತ ಒಂದೇ ಮಾತು ಬರೆದು ಹೋದರು. ಇನ್ನು ಕೆಲವರು ದತ್ತೂರಿ, ಗುಲಗಂಜಿ, ಈಶ್ವರಿ ಬಳ್ಳಿ ಎಲ್ಲಾ ಹಚ್ಚಿಬಿಡಿ ಅಂದರು. ಆ ಎರಡನೇ ಸಲಹೆ ನೋಡಿ ಗಾಬರಿಯಾಯಿತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಬಾಗಿಲಿಗೆ ಕಟ್ಟುವುದಕ್ಕೆ, ಅಂಗಳದಲ್ಲಿ ಬೆಳೆಸುವುದಕ್ಕೆ ನನ್ನ ತಕರಾರಿಲ್ಲ. ನಮ್ಮ ಮನೆ ಬಾಗಿಲಲ್ಲೂ ಕುಂಬಳಕಾಯಿ ಇದೆ. ಆದರೆ ಮಾಟ, ವಶೀಕರಣ, ಗಾಳಿ ಬಿಡಿಸುವುದು ಅಂತ ಹೆಸರಾದ ಗಿಡಗಳಲ್ಲಿ ಬಹಳಷ್ಟು ವಿಷದ ಗಿಡಗಳು. ಜನ ಅವಕ್ಕೆ ಹೆದರಿದ್ದೇ ಆ ವಿಷದಿಂದ, ಹೆದರಿಕೆಯಿಂದಲೇ ಶಕ್ತಿ ಅನ್ನುವ ಹೆಸರೂ ಬಂತು ಅಂತ ನನ್ನ ಲೆಕ್ಕ. ಹಾಗಾಗಿ ಬಾಗಿಲ ತನಕ ಸರಿ, ಬಾಯಿಗೆ ಮಾತ್ರ ಬೇಡ.

ಮೊದಲು ದತ್ತೂರಿ. ಮದ್ದುಗುಣಿಕೆ, ಉಮ್ಮತ್ತಿ ಅಂತಲೂ ಅನ್ನುತ್ತಾರೆ. ಮಳೆ ಬಿದ್ದ ಮೇಲೆ ತಿಪ್ಪೆ ಮೇಲೆ, ರಸ್ತೆ ಬದಿಗೆ ತಾನೇ ಏಳುತ್ತದೆ. ಶಿವರಾತ್ರಿಗೆ ಶಿವನಿಗೆ ಏರಿಸುವ ಹೂವು, ಅದು ಸರಿ. ಆದರೆ ಅದರ ಬೀಜ, ಎಲೆ, ಹೂವು, ಬೇರು ಎಲ್ಲದರಲ್ಲೂ ಆಟ್ರೋಪಿನ್, ಸ್ಕೋಪೋಲಮಿನ್ ಅನ್ನುವ ವಿಷ ಇದೆ. ಹೊಟ್ಟೆಗೆ ಹೋದರೆ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ದೊಡ್ಡದಾಗಿ ಬೆಳಕು ತಾಳದಂತಾಗುತ್ತದೆ, ಮೈ ಬಿಸಿಯಾಗಿ ಕೆಂಪಾಗುತ್ತದೆ, ಎದೆ ಹೊಡೆತ ಜೋರಾಗುತ್ತದೆ, ಮೂತ್ರ ಕಟ್ಟುತ್ತದೆ. ಆಮೇಲೆ ಇಲ್ಲದ ಮನುಷ್ಯರ ಜೊತೆ ಮಾತಾಡುವುದು, ಗಾಳಿಯಲ್ಲಿ ಏನೋ ಹಿಡಿಯಲು ಕೈಯಾಡಿಸುವುದು, ಮನೆಯವರನ್ನೇ ಗುರುತಿಸದೆ ಕೂಗಾಡುವುದು ಶುರುವಾಗುತ್ತದೆ. ಈಗ ನೀವೇ ಹೇಳಿ, ಊರಲ್ಲಿ ಇಂಥವರನ್ನು ನೋಡಿದರೆ ಜನ ಏನಂತಾರೆ? ಗಾಳಿ ಸೋಕಿದೆ, ಬಾನಾಮತಿ, ಅಂದರೆ ಮಾಟ, ಮಾಡಿಸಿದ್ದಾರೆ ಅಂತಾರೆ. ನಮ್ಮ ಕಲಬುರಗಿ, ಬೀದರ್ ಭಾಗದಲ್ಲಿ ಬಾನಾಮತಿ ಅನ್ನುವ ಮಾತು ಎಷ್ಟು ಮನೆ ಮುರಿದಿದೆ, ಎಷ್ಟು ಬಡ ಹೆಂಗಸರ ಮೇಲೆ ಅಪವಾದ ಹೊರಿಸಿದೆ ಅಂತ ನಿಮಗೂ ಗೊತ್ತು. ಇಂಥ ಲಕ್ಷಣ ಒಮ್ಮೆಗೇ ಕಂಡರೆ ಮೊದಲು ಬಾಯಿ ಒಣಗಿದೆಯಾ, ಪಾಪೆ ಅಗಲವಾಗಿದೆಯಾ ನೋಡಿ. 108ಕ್ಕೆ ಫೋನ್ ಮಾಡಿ. ತಿಂದಿರಬಹುದಾದ ಕಾಯಿ, ಎಲೆ ಸಿಕ್ಕರೆ ಡಾಕ್ಟರಿಗೆ ತೋರಿಸಲು ಜೊತೆಗೆ ಒಯ್ಯಿರಿ. ಗಾಳಿ ಬಿಡಿಸಲು ದತ್ತನ ಕ್ಷೇತ್ರ ಗಾಣಗಾಪುರಕ್ಕೆ ಹೋಗುವವರು ಹೋಗಲಿ, ದತ್ತ ಮಹಾರಾಜರ ಮೇಲೆ ನನಗೂ ಭಕ್ತಿ ಇದೆ. ಆದರೆ ಆಸ್ಪತ್ರೆ ಮೊದಲು, ಭೀಮಾ-ಅಮರ್ಜಾ ಸಂಗಮದ ಸ್ನಾನ ಆಮೇಲೆ.

ಇದಕ್ಕೆ ಹತ್ತಿದ ಇನ್ನೊಂದು ಮಾತು. ಯಾರೋ ಊಟದಲ್ಲಿ ಮದ್ದು ಹಾಕಿದ್ದಾರೆ ಅಂತ ನಂಬಿ, ಮದ್ದು ತೆಗೆಯುವವರ ಹತ್ತಿರ ಹೋಗಿ ಸೊಪ್ಪಿನ ರಸ ಕುಡಿದು ವಾಂತಿ ಮಾಡುವವರು ನಮ್ಮಲ್ಲಿ ಬಹಳ. ಆ ರಸ ಯಾವ ಗಿಡದ್ದು ಅಂತ ಯಾರೂ ಹೇಳುವುದಿಲ್ಲ. ಯಾವ ಸೊಪ್ಪು, ಎಷ್ಟು ಅಂತ ಗೊತ್ತಿಲ್ಲದ್ದನ್ನು ಕುಡಿಯಬೇಡಿ. ವರ್ಷಗಟ್ಟಲೆ ಹೊಟ್ಟೆನೋವು, ತೂಕ ಇಳಿಯುವುದು ಇದ್ದರೆ ಅದಕ್ಕೆ ಹೊಟ್ಟೆಯ ಹುಣ್ಣು, ಟಿಬಿ, ಸಕ್ಕರೆ ಕಾಯಿಲೆ ಅಂತ ಎಷ್ಟೋ ಕಾರಣ ಇರುತ್ತವೆ. ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ.

ಗುಲಗಂಜಿ ನಿಮ್ಮ ಮನೆಗೆ ಬೇಡವೇ ಬೇಡ. ನಿಮ್ಮ ಮೈದುನನ ಕೂಸು ಈಗ ಅಂಬೆಗಾಲಿಡುತ್ತಿದೆ ಅಂದಿರಿ. ಕೆಂಪು ಬಣ್ಣ, ಕಪ್ಪು ಮಚ್ಚೆ, ಚಂದದ ಬೀಜ. ಹಿಂದೆ ಅಕ್ಕಸಾಲಿಗರು ಇದರಲ್ಲೇ ಬಂಗಾರ ತೂಗುತ್ತಿದ್ದರು. ವಶೀಕರಣಕ್ಕೆ ಬಿಳಿ ಗುಲಗಂಜಿ ಬೇಕು ಅಂತ ಹುಡುಕುವವರೂ ಇದ್ದಾರೆ. ಇದರೊಳಗೆ ಅಬ್ರಿನ್ ಅನ್ನುವ ವಿಷ ಇದೆ. ನಮ್ಮ ಹೊಲದ ಔಡಲ (ಹರಳು) ಬೀಜದಲ್ಲಿರುವ ರೈಸಿನ್ ವಿಷದ ಜಾತಿಯದೇ, ಆದರೆ ಅದಕ್ಕಿಂತ ಕಟು. ಬೀಜ ಇಡಿಯಾಗಿ ನುಂಗಿದರೆ ಗಟ್ಟಿ ಸಿಪ್ಪೆಯಿಂದಾಗಿ ಹಾಗೆಯೇ ಹೊರಬರುವುದುಂಟು. ಅಗಿದರೆ, ಪುಡಿ ಮಾಡಿದರೆ ಒಂದೇ ಬೀಜ ಕೂಸಿನ ಜೀವಕ್ಕೆ ಸಾಕು. ದೃಷ್ಟಿಗೆ ಅಂತ ತೂತು ಮಾಡಿ ಪೋಣಿಸಿದ ಗುಲಗಂಜಿ ಸರ ಇನ್ನೂ ಅಪಾಯ. ತೂತಿನಲ್ಲಿ ಸಿಪ್ಪೆ ಒಡೆದಿರುತ್ತದೆ, ಮಕ್ಕಳು ಅದನ್ನು ಚೀಪುತ್ತಾರೆ.

ಈಶ್ವರಿ ಬಳ್ಳಿ ಹಚ್ಚಿದರೆ ಹಾವು ಬರುವುದಿಲ್ಲ ಅಂತ ಹೇಳಿದವರಿಗೂ ಒಂದು ಮಾತು. ಹಾವು ಬರುವುದು ಇಲಿ ಹಿಂದೆ. ಕಾಳಿನ ಚೀಲ, ಕಟ್ಟಿಗೆ ರಾಶಿ, ಕಲ್ಲಿನ ಗುಡ್ಡೆ ಮನೆಯಿಂದ ದೂರ ಇಟ್ಟರೆ ಹಾವು ಕಮ್ಮಿ ಆಗುತ್ತದೆ. ಬಳ್ಳಿ ಚಿಟ್ಟೆಗಳಿಗಾಗಿ ಬೇಕಿದ್ದರೆ ಹಚ್ಚಿ, ಅದರ ಎಲೆ ಮೇಲೆ ಬೆಳೆಯುವ ಚಿಟ್ಟೆ ಬಹಳ ಚಂದ. ಆದರೆ ಅದರಲ್ಲಿರುವ ಅರಿಸ್ಟೋಲೋಕಿಕ್ ಆಮ್ಲ ಕಿಡ್ನಿ ಕೆಡಿಸುತ್ತದೆ, ಕ್ಯಾನ್ಸರಿಗೂ ದಾರಿ. ಬೇರು ತೇದು ಕುಡಿಯುವುದು, ಹಾವು ಕಚ್ಚಿದವರಿಗೆ ಕುಡಿಸುವುದು ಎರಡೂ ಬೇಡ. ಕರ್ನಾಟಕದ ವಾಮಾಚಾರ ತಡೆ ಕಾಯ್ದೆ 2017ರದ್ದು, 2020ರಿಂದ ಜಾರಿಯಲ್ಲಿದೆ. ಹಾವು, ಚೇಳು, ನಾಯಿ ಕಚ್ಚಿದವರನ್ನು ಆಸ್ಪತ್ರೆಗೆ ಒಯ್ಯದಂತೆ ತಡೆದು ಮಂತ್ರ, ದಾರ ಅಂತ ಮಾಡುವುದು ಅದರಡಿ ಅಪರಾಧ. ಬಾಗಿಲಿಗೆ ಲಿಂಬೆಹಣ್ಣು ಕಟ್ಟಿದ್ದಕ್ಕೆ ಯಾರೂ ಕೇಸ್ ಹಾಕುವುದಿಲ್ಲ, ಆ ಹೆದರಿಕೆ ಬಿಡಿ.

ಈಗ ನಿಮ್ಮ ಬಿಳಿ ಎಕ್ಕ. ದಯವಿಟ್ಟು ಬೇರಿಗೆ ದುಡ್ಡು ಕೊಡಬೇಡಿ. ಬೇರಿನಲ್ಲಿ ಗಣಪ ಮೂಡುತ್ತಾನೆ ಅಂತ ನಂಬಿ ಬೆಳೆದ ಗಿಡವನ್ನೇ ಬುಡಸಮೇತ ಕಿತ್ತು ಮಾರುತ್ತಾರೆ. ಮಾರುವವರು ಎಷ್ಟೋ ಸಲ ಸಾದಾ ಎಕ್ಕದ ಬೇರನ್ನೇ ಕೆತ್ತಿರುತ್ತಾರೆ. ಹೂವಿಲ್ಲದೆ ಬರೀ ಬೇರು ನೋಡಿ ಬಿಳಿಯದೋ ನೇರಳೆಯದೋ ನಮ್ಮಂಥವರಿಗೆ ಗುರುತಾಗುವುದಿಲ್ಲ. ಹೂ ಬಿಟ್ಟ ಬಿಳಿ ಗಿಡ ಹುಡುಕಿ, ಬಲಿತ ಕಡ್ಡಿ ಒಂದು ಗೇಣು ಕತ್ತರಿಸಿ. ಹಾಲು ಸೋರುವುದು ನಿಂತು ಗಾಯ ಒಣಗುವ ತನಕ ನೆರಳಲ್ಲಿಡಿ. ಆಮೇಲೆ ಮರಳು ಬೆರೆಸಿದ ಮಣ್ಣಿನಲ್ಲಿ ಊರಿ. ನೀರು ಜಾಸ್ತಿ ಹಾಕಿದರೆ ಕೊಳೆಯುತ್ತದೆ. ಬೀಜದಿಂದ ಬಂದ ಸಸಿ ಬಿಳಿ ಹೂವೇ ಬಿಡುತ್ತದೆ ಅನ್ನುವ ಖಾತ್ರಿ ಇಲ್ಲ, ಕಡ್ಡಿಯಿಂದ ಬಂದದ್ದು ತಾಯಿಯಂತೆಯೇ ಇರುತ್ತದೆ. ಹಾಲು ಕಣ್ಣಿಗೆ ಸಿಡಿಯದಂತೆ ಬಹಳ ಹುಷಾರು. ಮೊದಲು ನೋವೂ ಆಗದೆ ದೃಷ್ಟಿ ಮಂಜಾಗುವುದುಂಟು. ಸಿಡಿದರೆ ಹದಿನೈದು-ಇಪ್ಪತ್ತು ನಿಮಿಷ ಶುದ್ಧ ನೀರಲ್ಲಿ ತೊಳೆದು ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಗಿಡ ಕಂಪೌಂಡಿನ ಮೂಲೆಯಲ್ಲಿರಲಿ, ಕೂಸು ಆಡುವ ಕಡೆ ಬೇಡ.

ಕರಿ ಅರಿಶಿನದ ಕಥೆಯೂ ಹೀಗೇ. ಮಧ್ಯ ಭಾರತ, ಈಶಾನ್ಯ ರಾಜ್ಯಗಳ ಗಡ್ಡೆ ಅದು. ಕತ್ತರಿಸಿದರೆ ಒಳಗೆ ನೀಲಿ, ಎಲೆಯ ನಡುವೆ ಕರಿನೇರಳೆ ಪಟ್ಟೆ. ಬರೀ ಎಲೆಯ ಪಟ್ಟೆ ನೋಡಿ ಕೊಳ್ಳಬೇಡಿ, ಬೇರೆ ಕಾಡು ಅರಿಶಿನಗಳಲ್ಲೂ ಅಂಥ ಪಟ್ಟೆ ಇರುತ್ತದೆ. ಧನಲಕ್ಷ್ಮಿ ಬರುತ್ತಾಳೆ ಅಂತ ಬೆಲೆ ಏರಿಸುತ್ತಾರೆ. ಒಂದು ಸಣ್ಣ ತುಂಡು ನರ್ಸರಿಯಿಂದ ತಂದು ಮೇ ಕೊನೆಗೆ ಊರಿದರೆ, ಎಲೆ ಒಣಗುವ ಹೊತ್ತಿಗೆ, ಅಂದರೆ ಚಳಿಗಾಲ ಮುಗಿಯುವಷ್ಟರಲ್ಲಿ, ನಿಮ್ಮದೇ ಗಡ್ಡೆ ಸಿಗುತ್ತದೆ. ನಮ್ಮ ಬಿಸಿಲಿಗೆ ಅರೆ ನೆರಳು ಬೇಕು, ನೀರು ನಿಲ್ಲಬಾರದು, ಏರುಮಡಿ ಮಾಡಿ.

ನನಗೆ ಬಹಳ ಪ್ರೀತಿಯದು ಕುಂಬಳಕಾಯಿ. ಬಾಗಿಲಿಗೆ ಕಟ್ಟಿದ ಬೂದುಗುಂಬಳ ಬೇಗ ಕೊಳೆತರೆ ಮನೆಗೆ ದೊಡ್ಡ ದೃಷ್ಟಿ ಇತ್ತು, ಅದೇ ತಗೊಂಡಿತು ಅಂತಾರೆ. ಅಷ್ಟು ಹೇಳಿ ಸುಮ್ನೆ ಆದರೆ ಪರವಾಗಿಲ್ಲ. ಆದರೆ ಅದೇ ಹೆದರಿಕೆ ಹಾಕಿ ಪೂಜೆಗೆ, ತಾಯತಕ್ಕೆ ದುಡ್ಡು ಕೀಳುವವರಿದ್ದಾರೆ. ಕೊಳೆಯುವುದಕ್ಕೆ ಕಾರಣ ಕಾಯಿಯಲ್ಲೇ ಇರುತ್ತದೆ. ಎಳೆಯ ಕಾಯಿಯ ಮೈಮೇಲೆ ಸಣ್ಣ ಕೂದಲು ಇರುತ್ತದೆ. ಬಲಿತಂತೆ ಕೂದಲು ಉದುರಿ ಬೂದಿ ಬರುತ್ತದೆ. ಆ ಬೂದಿ ಅಂದರೆ ಮೇಣ. ಅದು ಒಳಗಿನ ನೀರು ಆರಲು ಬಿಡುವುದಿಲ್ಲ, ಹೊರಗಿನ ಬೂಷ್ಟು ಒಳಗೆ ಬಿಡುವುದಿಲ್ಲ. ಪೂರ್ತಿ ಬಲಿತ ಕಾಯಿ ತಿಂಗಳುಗಟ್ಟಲೆ ತಾಳುವುದು ಅದರಿಂದಲೇ. ಎಳೆಯ ಕಾಯಿ ಕಟ್ಟಿದರೆ, ತೊಟ್ಟು ಮುರಿದಿದ್ದರೆ, ಲಾರಿಯಲ್ಲಿ ಬಿದ್ದು ಒಳಗೆ ಪೆಟ್ಟಾಗಿದ್ದರೆ, ಬೂದಿ ಒರೆಸಿ ಬಣ್ಣದಲ್ಲಿ ಮುಖ ಬರೆದಿದ್ದರೆ ಬೇಗ ಹೋಗುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗ ಎರಡು ಬೆರಳಷ್ಟು ತೊಟ್ಟು ಇದೆಯಾ ನೋಡಿ, ಬೂದಿ ಒರೆಸಬೇಡಿ, ಹಗ್ಗದ ಬಲೆಯಲ್ಲಿ ಕಟ್ಟಿ, ಮಳೆ ಎರಚಲು ಬೀಳದಿರಲಿ. ನೀವೇ ಬೆಳೆಯಬೇಕಾದರೆ ಜೂನ್ ಮೊದಲ ಮಳೆಗೆ ಬೀಜ ಹಾಕಿ. ಬಳ್ಳಿಗೆ ಏಳೆಂಟು ಅಡಿ ಜಾಗ ಕೊಡಿ, ಕಾಯಿಯ ಕೆಳಗೆ ಜೋಳದ ಕಣಿಕೆ ಹಾಸಿ. ದಸರಾ, ದೀಪಾವಳಿಗೆ ಸರಿಯಾಗಿ ಕೈಗೆ ಬರುತ್ತದೆ, ಆಗ ಬೆಲೆಯೂ ಇರುತ್ತದೆ. ಒಂದು ಬೇಡಿಕೆ: ಅಮಾವಾಸ್ಯೆಗೆ ಒಡೆದ ಕಾಯಿಯನ್ನು ರಸ್ತೆ ಮಧ್ಯ ಬಿಡಬೇಡಿ. ಬೈಕಿನವರು ಜಾರಿ ಬೀಳುತ್ತಾರೆ. ಒಡೆದ ಮೇಲೆ ಬದಿಗೆ ಸರಿಸಿದರೆ ಪೂಜೆಗೇನೂ ಕೊರತೆ ಆಗುವುದಿಲ್ಲ.

ತಲೆಕೆಳಗಾಗಿ ಕಟ್ಟಿದ ಲೋಳಸರ ಮಣ್ಣು, ನೀರು ಇಲ್ಲದೆ ಹಸಿರಾಗಿರುವುದು ನೋಡಿ ಜನ ಬೆರಗಾಗುತ್ತಾರೆ. ಅದರ ಎಲೆಯೇ ನೀರಿನ ಚೀಲ. ಬೇರೆ ಗಿಡ ಹಗಲು ಉಸಿರಾಡಿ ನೀರು ಕಳೆದುಕೊಂಡರೆ, ಇದು ರಂಧ್ರ ತೆರೆಯುವುದು ತಂಪಾದ ರಾತ್ರಿಯಲ್ಲಿ. ಎಲೆ ಸೊರಗಿದರೆ ಕೇಡು ಬಂತು ಅಂತ ಅಳಬೇಡಿ, ಇಳಿಸಿ ಮಣ್ಣಿಗೆ ಹಚ್ಚಿ. ಮತ್ತೆ ಚಿಗುರುತ್ತದೆ.

ದೃಷ್ಟಿ ತೆಗೆದು ಒಲೆಗೆ ಹಾಕುವ ಮೆಣಸಿನಕಾಯಿ ಬಗ್ಗೆ ಒಂದೇ ಮಾತು. ಅದು ಪೋರ್ಚುಗೀಸರು ಬಂದ ಮೇಲೆ ಅಮೆರಿಕ ಕಡೆಯಿಂದ ನಮ್ಮಲ್ಲಿಗೆ ಬಂದ ಬೆಳೆ, ವೇದಕಾಲದ್ದು ಅಂತ ಹೇಳುವವರನ್ನು ನಂಬಬೇಡಿ. ದಮ್ಮು ಇರುವವರು, ಕೂಸು ಇರುವ ಮನೆಯಲ್ಲಿ ಅಂಗಳದಲ್ಲೇ ಸುಡಿ. ಲೋಬಾನ ಹಾಕುವಾಗಲೂ ಕಿಟಕಿ ತೆರೆದಿರಲಿ.

ಕೂಸಿನ ಕೈಗೆ ಬಜೆ ಕಟ್ಟುವುದನ್ನು ನೀವು ಕೇಳಿಲ್ಲ, ಆದರೆ ಮನೆಯಲ್ಲಿ ಹಿರಿಯರು ಹೇಳಿಯೇ ಹೇಳುತ್ತಾರೆ. ಬಾಯಿಗೆ ಹೋಗದಂತೆ ಕಟ್ಟುವುದಾದರೆ ಅವರ ಮನಸ್ಸಿಗೆ ಸಮಾಧಾನ. ತೇದು ನೆಕ್ಕಿಸುವುದು ಬೇಡ. ಬಜೆಯಲ್ಲಿ ಬೀಟಾ-ಅಸರೋನ್ ಇರುತ್ತದೆ, ಅಮೆರಿಕದಲ್ಲಿ 1968ರಲ್ಲೇ ಅದನ್ನು ಆಹಾರದಲ್ಲಿ ಹಾಕುವುದು ನಿಷೇಧಿಸಿದರು. ಜೊತೆಗೆ ಕೊಡುವ ಜೇನುತುಪ್ಪವೂ ಒಂದು ವರ್ಷ ತುಂಬದ ಕೂಸಿಗೆ ಕೊಡಬಾರದು.

ಇನ್ನು ಮಗಳ ವಿದೇಶಿ ಗಿಡಗಳು. ಅವಳಿಗೆ ಬೈಯಬೇಡಿ, ಆ ಆಸಕ್ತಿ ಒಳ್ಳೆಯದು. ಯುರೋಪಿನಲ್ಲೂ ಕಥೆ ನಮ್ಮಂಥದೇ. ಅಲ್ಲಿ ಮಾಂತ್ರಿಕರ ಗಿಡ ಅಂತ ಹೆಸರಾದದ್ದು ಮ್ಯಾಂಡ್ರೇಕ್. ಬೇರು ಮನುಷ್ಯನ ಆಕಾರ, ಕಿತ್ತರೆ ಕಿರುಚುತ್ತದೆ, ಕೇಳಿದವರು ಸಾಯುತ್ತಾರೆ ಅಂತ ನಂಬಿದ್ದರು. ಎಕ್ಕದ ಬೇರಿನಲ್ಲಿ ಗಣಪ ಕಾಣುವ ಹಾಗೆ ಅವರಿಗೆ ಅಲ್ಲಿ ಮನುಷ್ಯ ಕಂಡ. ಆ ಮ್ಯಾಂಡ್ರೇಕ್ ನಮ್ಮ ದತ್ತೂರಿಯ ಕುಟುಂಬದ್ದೇ, ಬದನೆ, ಟೊಮೆಟೊ, ಮೆಣಸಿನಕಾಯಿ ಕೂಡ ಅದೇ ಕುಟುಂಬ. ವಿಷವೂ ಹೆಚ್ಚುಕಮ್ಮಿ ದತ್ತೂರಿಯದೇ. ರೋಸ್‌ಮೇರಿ, ಸಾದಾ ಸೇಜ್ ಅಡುಗೆಯ ಗಿಡಗಳು, ಅವಕ್ಕೆ ಭಯ ಇಲ್ಲ. ರೋಸ್‌ಮೇರಿ ಕುಂಡದಲ್ಲಿ ಅರ್ಧ ಮರಳು ಹಾಕಿ ಬೆಳೆಸಿ, ಏಪ್ರಿಲ್-ಮೇ ತಿಂಗಳಲ್ಲಿ ಮಧ್ಯಾಹ್ನದ ಬಿಸಿಲು ತಪ್ಪಿಸಿ. ಮಳೆಗಾಲದಲ್ಲಿ ನೀರು ನಿಂತರೆ ಸಾಯುತ್ತದೆ. ವಿಡಿಯೋದಲ್ಲಿ ಕಟ್ಟು ಕಟ್ಟಿ ಸುಡುವ ಬಿಳಿ ಸೇಜ್ ಬೇರೆ. ಅದು ಕ್ಯಾಲಿಫೋರ್ನಿಯಾ ಕಡೆಯದು, ಅಲ್ಲಿನ ಮೂಲನಿವಾಸಿಗಳ ಪೂಜೆಯ ಗಿಡ. ಮಾರಾಟಕ್ಕಾಗಿ ಕಾಡಿನಿಂದ ಕಿತ್ತು ಕಮ್ಮಿ ಮಾಡಿದ್ದಾರೆ. ಅದನ್ನು ತರಿಸಬೇಡಿ. ಮಗ್‌ವರ್ಟ್ ಬದಲು ನಮ್ಮ ದವನ ಹಚ್ಚಿ. ಎರಡೂ ಒಂದೇ ವಂಶ, ಆರ್ಟಿಮೀಸಿಯಾ. ಯುರೋಪಿನಲ್ಲಿ ಜೂನ್ ಕೊನೆಯ ಹಬ್ಬಕ್ಕೆ ಮಗ್‌ವರ್ಟ್ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದರು, ನಮ್ಮಲ್ಲಿ ದವನದ ಹುಣ್ಣಿಮೆಗೆ ದೇವರಿಗೆ ಏರಿಸುತ್ತೇವೆ. ನವೆಂಬರ್‌ನಲ್ಲಿ ಬೀಜ ಚೆಲ್ಲಿದರೆ ಚಳಿಗೆ ಚೆನ್ನಾಗಿ ಬರುತ್ತದೆ. ಬೀಜ ಧೂಳಿನಷ್ಟು ಸಣ್ಣದು, ಮರಳಲ್ಲಿ ಬೆರೆಸಿ ಚೆಲ್ಲಿ.

ನಿಮ್ಮ ಜಾಗಕ್ಕೆ ನಾನಾದರೆ ಇಷ್ಟು ಹಚ್ಚುತ್ತೇನೆ. ಗೇಟಿನ ಹೊರಗೆ ಬೇವು. ನೆರಳಿಗೂ ಆಯಿತು, ಎಲೆ ಒಣಗಿಸಿ ಜೋಳ, ತೊಗರಿ ಡಬ್ಬಿಗೆ ಹಾಕಲೂ ಆಯಿತು. ಹೊಲ ಇದ್ದರೆ ಬೀಜದ ತಿರುಳು 5 ಕೆಜಿ ಕುಟ್ಟಿ 100 ಲೀಟರ್ ನೀರಿಗೆ ಕಷಾಯ ಮಾಡಿದರೆ ತೊಗರಿಯ ಕಾಯಿಕೊರಕಕ್ಕೆ ಹೊಡೆಯಬಹುದು. ಬೇವಿಗೆ ಕೇಡು ತಡೆಯುವ ಶಕ್ತಿ ಇದೆ ಅಂದರೆ ನಾನು ಒಪ್ಪುವುದು ಇದನ್ನೇ. ಬೇಲಿಗೆ ಲಕ್ಕಿ ಗಿಡ, ದನ ಮುಟ್ಟುವುದಿಲ್ಲ, ಕಡ್ಡಿ ಊರಿದರೆ ಸಾಕು. ಹಿಂದೆ ಜಾಗ ಇದ್ದರೆ ಒಂದು ಬನ್ನಿ. ಬೇರು ಬಹಳ ಆಳಕ್ಕೆ ಹೋಗುತ್ತದೆ, ಹಾಗಾಗಿ ಬೀಜ ಅಲ್ಲೇ ಹಾಕಿ, ದೊಡ್ಡ ಸಸಿ ಕಿತ್ತು ನೆಡಬೇಡಿ. ಬನ್ನಿ ಅಂತ ಬಳ್ಳಾರಿ ಜಾಲಿ ಕೊಟ್ಟು ಕಳಿಸುವವರಿದ್ದಾರೆ. ಜಾಲಿಗೆ ಮುಳ್ಳು ಎಲೆಯ ಗಿಣ್ಣಿನಲ್ಲಿ ಜೋಡಿಯಾಗಿ ಇರುತ್ತದೆ, ಬನ್ನಿಗೆ ಸಣ್ಣ ಮುಳ್ಳು ಕೊಂಬೆ ಮೇಲೆಲ್ಲ ಚೆದುರಿರುತ್ತದೆ. ತುಳಸಿ ಹೇಗೂ ಇಟ್ಟೇ ಇಡುತ್ತೀರಿ.

ಹುಮನಾಬಾದ್ ಸುತ್ತ ಕೆಂಪು ಮಣ್ಣೂ ಇದೆ, ಕರಿ ಮಣ್ಣೂ ಇದೆ. ನಿಮ್ಮ ಅಂಗಳದ್ದು ಯಾವುದು, ಪಾಯ ತೆಗೆದ ಮೊರಂ ಎಷ್ಟು ಹರಡಿದ್ದಾರೆ ಅಂತ ಒಂದು ಫೋಟೋ ಹಾಕಿ. ಗುಂಡಿ ಎಷ್ಟು ಆಳ ತೋಡಬೇಕು, ಗೊಬ್ಬರ ಎಷ್ಟು ಅಂತ ಅದನ್ನು ನೋಡಿ ಹೇಳುತ್ತೇನೆ. ಬಿಳಿ ಎಕ್ಕದ ಕಡ್ಡಿ ನಮ್ಮಲ್ಲಿದೆ, ಬೇಕಾದರೆ ಬಂದು ತಗೊಂಡು ಹೋಗಿ, ದುಡ್ಡು ಬೇಡ.